ಆಷಾಢ ಬಿಟ್ಟು ಪುಷ್ಯಕ್ಕೆ ಬನ್ನಿ

ನಮಸ್ಕಾರ. ನಿಮ್ಮ ಕಾದಂಬರಿಯ 418 ಪುಟಗಳ ಹಸ್ತಪ್ರತಿಯನ್ನು ಪೂರ್ತಿ ಓದಿದೆವು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಹುಡುಗ, ಶಿವಮೊಗ್ಗದಲ್ಲಿ ಪಿಟೀಲು ಕಲಿಸುವ ಹುಡುಗಿ, ಇಬ್ಬರ ನಡುವೆ ತೀರಿಹೋದ ಅಮ್ಮನ ತಂಬೂರಿ, ಕಡೆಗೆ ಅಪ್ಪನ ಸಾವು. ಕಥೆಯ ಹಂದರ ಗಟ್ಟಿಯಿದೆ. ಆದರೆ ಈಗಿರುವಂತೆ ಪ್ರಕಟಿಸಲಾರೆವು.

ಮುಖ್ಯ ತಕರಾರು ಮಳೆಯದು. ಮಲೆನಾಡು ಅಂದಕೂಡಲೇ ಆಷಾಢದ ಮಳೆ ಸುರಿಸಿಬಿಟ್ಟಿದ್ದೀರಿ. ಆ ಮಳೆಯಲ್ಲೇ ಮನೆಮಂದಿ ಅಡಿಕೆ ಸುಲಿಯುತ್ತಾರೆ, ಆ ಮಳೆಯಲ್ಲೇ ಅಪ್ಪನಿಗೆ ಮಂಗನ ಕಾಯಿಲೆ ಬರುತ್ತದೆ. ಆಷಾಢದಲ್ಲಿ ಮರದ ಮೇಲಿರುವುದು ಎಳೆಗಾಯಿ. ಆಗಿನ ಚಿಂತೆ ಕಾಯಿ ಉದುರಿಸುವ ಕೊಳೆರೋಗ, ಅದಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು. ಸುಲಿತವೇನಿದ್ದರೂ ಮಳೆ ಬಿಟ್ಟ ಮೇಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆಯೂ ಒಣಗಾಲದ್ದೇ. ಅದನ್ನು ಹರಡುವ ಉಣುಗು (ಉಣ್ಣೆ ಹುಳು) ಚುರುಕಾಗುವ ಡಿಸೆಂಬರ್‌ನಿಂದ ಮೇವರೆಗೆ. ಊರಕಡೆಯ ಓದುಗ ಅಲ್ಲೇ ಪುಸ್ತಕ ಮಡಚುತ್ತಾನೆ.

ಕಥೆಯನ್ನು ಪುಷ್ಯಕ್ಕೆ ತನ್ನಿ. ಕೊನೇ ಕೊಯ್ಲಿನ ಸುಲಿತ ನಡೆದಿರುತ್ತದೆ, ಬಹುಳ ಪಂಚಮಿಗೆ ತ್ಯಾಗರಾಜರ ಆರಾಧನೆ, ಅಪ್ಪ ದರಗು (ಒಣಗಿದ ಎಲೆ) ಗುಡಿಸಲು ಕಾಡಿಗೆ ಹೋಗುವ ಕಾಲ. ತಾಳಗುಪ್ಪ ರೈಲಿನ ಆಕಸ್ಮಿಕ ಭೇಟಿ ಬೇಡವೇ ಬೇಡ (ತೀರ್ಥಹಳ್ಳಿಗೆ ಹೋಗುವವನು ಸಾಗರದ ಕಡೆಯ ಆ ರೈಲು ಹತ್ತುವುದಾದರೂ ಏಕೆ?). ಆರಾಧನೆಗೆ ತಂಬೂರಿ ಎರವಲು ಕೇಳಿಕೊಂಡು ಹುಡುಗಿ ಬರಲಿ. 63ನೇ ಪುಟದ ಭೇಟಿ 5ನೇ ಪುಟಕ್ಕೇ ಆಗಿಹೋಗುತ್ತದೆ.

ಆ ಭೇಟಿಯಲ್ಲಿ "ನಾದ ಅವರ ಆತ್ಮಗಳನ್ನು ಬೆಸೆಯಿತು" ಎಂದಿದ್ದೀರಿ. ಆತ್ಮ ಒಟ್ಟು 47 ಸಲ ಬಂದಿದೆ, ಎಣಿಸಿದೆವು. ಬದಲಿಗೆ ತಂಬೂರಿಯನ್ನೇ ಕೆಲಸಕ್ಕೆ ಹಚ್ಚಿ. ವರ್ಷಗಟ್ಟಲೆ ಅಟ್ಟದಲ್ಲಿದ್ದ ವಾದ್ಯ: ತಂತಿಗೆ ತುಕ್ಕು, ಒಣಹವೆಗೆ ತಂತಿ ಬಿಗಿಯುವ ಬಿರಡೆ ಜಾರುತ್ತದೆ (ಸೀಮೆಸುಣ್ಣ ಸವರಿದರೆ ಹಿಡಿಯುತ್ತದೆ), ತಂತಿಗಳನ್ನು ಹೊರುವ ಕುದುರೆಯ ಮೇಲಿನ, ನಾದಕ್ಕೆ ಝೇಂಕಾರ ಕೊಡುವ ಜೀವಾಳದ ನೂಲುಗಳು ಎಂದೋ ಉದುರಿವೆ. ಆಕೆ ಹೊಸ ತಂತಿ ಕಟ್ಟಿ ಪಂಚಮ, ಸಾರಣಿ, ಅನುಸಾರಣಿ, ಮಂದ್ರ ನಾಲ್ಕು ತಂತಿಗಳನ್ನೂ ಶ್ರುತಿ ಮಾಡುತ್ತಾಳೆ. ಶ್ರುತಿ ಸರಿಯಿದೆ, ನಾದ ಮಾತ್ರ ಮಂಕು. ಹುಡುಗ ಪಂಚೆಯಂಚಿನಿಂದ ಒಂದೆಳೆ ಕಿತ್ತು ಕೊಡುತ್ತಾನೆ. ಅದನ್ನು ತಂತಿಯಡಿ ತೂರಿಸಿ ಕೂದಲೆಳೆಯಷ್ಟು ಸರಿಸುತ್ತ ಹೋಗಬೇಕು. ಅವನು ಮೀಟುತ್ತಿರಲಿ, ಅವಳು ಸರಿಸುತ್ತಿರಲಿ. ಒಂದು ಜಾಗದಲ್ಲಿ ತಂತಿ ಝೇಂಕರಿಸುತ್ತದೆ, ಚೂರು ದಾಟಿದರೆ ಮತ್ತೆ ಮಂಕು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಕೇಳದ ಸದ್ದು ಅದೆಂದು ನೀವು ಬರೆಯಬೇಡಿ. ಜಗಲಿಯಲ್ಲಿ ಅಡಿಕೆ ಸುಲಿಯುವ ಅಪ್ಪನ ಮೆಟ್ಟುಗತ್ತಿ ಒಂದು ಗಳಿಗೆ ನಿಲ್ಲಲಿ.

ಅದೇ ಅಪ್ಪನ ಸಾವನ್ನು ಅರ್ಧ ಪುಟದಲ್ಲಿ ಮುಗಿಸಿದ್ದೀರಿ. ಮಂಗನ ಕಾಯಿಲೆಯ ಮೊದಲ ಜ್ವರ ಇಳಿಯುತ್ತದೆ. ಒಂದೆರಡು ವಾರ ಬಿಟ್ಟು ಕೆಲವರಿಗೆ ಮರುಕಳಿಸುತ್ತದೆ, ಆಗ ವಿಪರೀತ ತಲೆನೋವು, ನಡುಕ, ಕಣ್ಣು ಮಂಜು. ನಡುವಿನ ಆ ದಿನಗಳು ಕಾದಂಬರಿಯ ಅತಿ ಸಂತೋಷದ ಅಧ್ಯಾಯವಾಗಲಿ. ಅಪ್ಪ ಗಂಜಿ ಬಿಟ್ಟು ಅನ್ನ ಕೇಳಲಿ, ಕೊಳೆ ಔಷಧಿಯ ಲೆಕ್ಕ ಹಾಕಲಿ. ಆಸ್ಪತ್ರೆಗೆ ಎರಡು ಪುಟ ಸಾಕು.

ಇನ್ನು ಚಿಲ್ಲರೆ. 130ನೇ ಪುಟದಲ್ಲಿ ಆಕೆ "ಮೋಹನದ ನಿಷಾದವನ್ನು ನೇವರಿಸುತ್ತಾಳೆ". ಮೋಹನ ರಾಗದಲ್ಲಿ ನಿಷಾದ ಸ್ವರವೂ ಇಲ್ಲ, ಮಧ್ಯಮವೂ ಇಲ್ಲ; ಗಾಂಧಾರ ಮಾಡಿ. ಕೂಡಲಿ ಸಂಗಮದಲ್ಲಿ ಜಡಿಮಳೆಗೆ ಪಿಟೀಲು ನುಡಿಸುವ ದೃಶ್ಯ ಕಿತ್ತುಹಾಕಿ. ಕಮಾನಿನ ಕುದುರೆಕೂದಲು ನೆನೆದರೆ ತಂತಿಯನ್ನು ಹಿಡಿಯುವುದೇ ಇಲ್ಲ.

280 ಪುಟ ದಾಟಬೇಡಿ. ಸದ್ಯ ತಿದ್ದಿದ ಮೊದಲ ಮೂರು ಅಧ್ಯಾಯ ಮಾತ್ರ ಕಳಿಸಿ, ಮುನ್ನುಡಿ ಈಗಲೇ ಬರೆಸಬೇಡಿ.