ಕೆನಡಾದಲ್ಲಿ ಎಲ್ಲಿ ಹಿಮ ಕಡಿಮೆ? ಕಲಬುರಗಿಯ ತಮ್ಮನಿಗೆ ಒಂದು ಉತ್ತರ

ತಮ್ಮಾ,

"ಅಕ್ಕಾ, ವಿನ್ನಿಪೆಗ್, ಲಂಡನ್, ಸರ್ರೆ ಮೂರೂ ಕಡೆ ಕಾಲೇಜಿನ್ಯಾಗ ಸೀಟು ಸಿಕ್ಕದ. ವರ್ಷಕ್ಕ ಎಷ್ಟು ದಿನ ಹಿಮ ಬೀಳ್ತದ ಹೇಳ್ರಿ, ಕಡಿಮಿ ಇದ್ದಲ್ಲಿ ಹೋಗ್ತೀನಿ" ಅಂತ ಕೇಳಿದ್ದೀಯ. ಜೊತೆಗೆ ಬಾಡಿಗೆ, ಜೋಳದ ಹಿಟ್ಟು, ಕಾರು. ಅವು ಮೂರೂ ಸಣ್ಣ ವಿಷಯ, ಆಮೇಲೆ ಹೇಳುತ್ತೇನೆ.

ನಾವು ಬರುವಾಗಲೂ ಇದೇ ಚಿಂತೆ ಇತ್ತು. ಹೈದರಾಬಾದಿನ ಏಜೆಂಟ್ ಒಬ್ಬರು ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿ ಒಂದು ಪಟ್ಟಿ ತೋರಿಸಿದರು. ಮಾಂಟ್ರಿಯಲ್‌ನಲ್ಲಿ ವರ್ಷಕ್ಕೆ ಸುಮಾರು 210 ಸೆಂಟಿಮೀಟರ್ ಹಿಮ, ವಿನ್ನಿಪೆಗ್‌ನಲ್ಲಿ 114. ಹೆಚ್ಚುಕಡಿಮೆ ಅರ್ಧ, ಆರಾಮಾಗಿ ಇರ್ತೀರಿ ಅಂದರು. ಅಂಕಿ ಸುಳ್ಳಲ್ಲ. ಕೆನಡಾದ ಹವಾಮಾನ ಇಲಾಖೆ 1981ರಿಂದ 2010ರವರೆಗಿನ 30 ವರ್ಷಗಳ ಸರಾಸರಿ ತೆಗೆದದ್ದು. ಆದರೆ ಅದು ಬಿದ್ದ ಹಿಮದ ಲೆಕ್ಕ. ಬಿದ್ದದ್ದು ನೆಲದ ಮೇಲೆ ಎಷ್ಟು ದಿನ ಕೂತಿರುತ್ತದೆ ಅನ್ನುವುದು ಆ ಪಟ್ಟಿಯಲ್ಲಿ ಇರಲಿಲ್ಲ.

ವಿನ್ನಿಪೆಗ್‌ ಸಮುದ್ರದಿಂದ ಬಲು ದೂರ. ನಾವು ಮೊದಲು ಇದ್ದದ್ದು ಅಲ್ಲೇ. ಚಳಿಗಾಲದಲ್ಲಿ ಉತ್ತರದಿಂದ ಬರುವ ಗಾಳಿ ಒಣ ಗಾಳಿ, ಅದರಲ್ಲಿ ನೀರಿನ ಅಂಶ ಬಲು ಕಡಿಮೆ. ಹಾಗಾಗಿ ಹಿಮ ಸ್ವಲ್ಪ ಸ್ವಲ್ಪವೇ ಬೀಳುತ್ತದೆ. ಆದರೆ ನವೆಂಬರ್‌ನಲ್ಲಿ ಬಿದ್ದದ್ದು ಮಾರ್ಚ್ ಕೊನೆಯವರೆಗೂ ಕರಗುವುದಿಲ್ಲ. ಜನವರಿ ರಾತ್ರಿ ಸರಾಸರಿ ಅಂದರೇ ಮೈನಸ್ 20ಕ್ಕಿಂತ ಕೆಳಗೆ. ರಾತ್ರಿ ಕಾರಿನ ಎಂಜಿನ್‌ಗೆ ವಯರ್ ಸಿಕ್ಕಿಸಿ ಕರೆಂಟ್ ಕೊಡಬೇಕು, ಇಲ್ಲದಿದ್ದರೆ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಒಂದು ಒಳ್ಳೆಯ ಗುಣ ಹೇಳಲೇಬೇಕು. ಅಲ್ಲಿನ ಹಿಮ ಒಣ ಪುಡಿ. ನಮ್ಮನೆಯವರು ಮೆಟ್ಟಿಲನ್ನು ಕಸಬರಿಗೆಯಿಂದಲೇ ಗುಡಿಸುತ್ತಿದ್ದರು. ಬಿಸಿಲು ಚೆನ್ನಾಗಿ ಬೀಳುತ್ತದೆ, ಆಕಾಶ ನೀಲಿ. ನಮ್ಮ ಕಡೆಯವರಿಗೆ ಅದು ಬೇಕು, ಅಲ್ವಾ.

ಇನ್ನು "ಎಷ್ಟು ದಿನ" ಅನ್ನುವ ನಿನ್ನ ಪ್ರಶ್ನೆ. ಇಲ್ಲಿನ ಲೆಕ್ಕದಲ್ಲಿ 0.2 ಸೆಂಟಿಮೀಟರ್ ಬಿದ್ದರೂ ಒಂದು ದಿನ, 30 ಸೆಂಟಿಮೀಟರ್ ಬಿದ್ದರೂ ಒಂದು ದಿನ. ಈ ಲೆಕ್ಕದಲ್ಲಿ ವ್ಯಾಂಕೂವರ್‌ಗೆ ವರ್ಷಕ್ಕೆ 9 ದಿನ, ಒಟ್ಟು 38 ಸೆಂಟಿಮೀಟರ್ ಅಷ್ಟೇ. ನಿನ್ನ ಸರ್ರೆ ಅದರ ಪಕ್ಕದ್ದೇ. ವಿನ್ನಿಪೆಗ್‌ಗೆ 50 ದಿನಗಳ ಮೇಲೆ. ಟೊರಾಂಟೊದಲ್ಲಿ ಸುಮಾರು 110 ಸೆಂಟಿಮೀಟರ್, ಅಂದರೆ ಸೆಂಟಿಮೀಟರ್ ಲೆಕ್ಕದಲ್ಲಿ ವಿನ್ನಿಪೆಗ್‌ನಷ್ಟೇ. ಆದರೆ ಎರಡೂ ಊರಿನ ಚಳಿಗಾಲ ಕಂಡವರು ಯಾರೂ ಎರಡೂ ಒಂದೇ ಅನ್ನುವುದಿಲ್ಲ. ಟೊರಾಂಟೊದಲ್ಲಿ ಬೀಳುತ್ತದೆ, ಕರಗುತ್ತದೆ, ಕೆಸರಾಗುತ್ತದೆ, ಮತ್ತೆ ಬೀಳುತ್ತದೆ.

ಲಂಡನ್ ಅಂದರೆ ಒಂಟಾರಿಯೊದ ಲಂಡನ್, ಇಂಗ್ಲೆಂಡಿನದ್ದಲ್ಲ. ಮನೆಯಲ್ಲಿ ಸರಿಯಾಗಿ ಹೇಳು, ನಮ್ಮ ಕಾಕಾ ಒಬ್ಬರು ಊರೆಲ್ಲಾ ಇಂಗ್ಲೆಂಡ್ ಅಂತಲೇ ಹೇಳಿಕೊಂಡು ಬಂದಿದ್ದರು. ಅದು ಟೊರಾಂಟೊದಿಂದ 200 ಕಿಲೋಮೀಟರ್ ಒಳಗೇ ಇದೆ. ಆದರೂ ಅಲ್ಲಿ 190 ಸೆಂಟಿಮೀಟರ್ ಮೇಲೆ ಬೀಳುತ್ತದೆ. ಕಾರಣ ಹ್ಯೂರಾನ್ ಸರೋವರ. ಚಳಿಗಾಲದ ಶುರುವಿನಲ್ಲಿ ಆ ನೀರು ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ವಾಯವ್ಯದಿಂದ ಬರುವ ತಣ್ಣನೆ ಗಾಳಿ ಅದರ ಮೇಲೆ ಹಾದು ಬರುವಾಗ ನೀರಿನ ಆವಿ ತುಂಬಿಕೊಂಡು, ದಡ ದಾಟಿದ ಮೇಲೆ ಹಿಮವಾಗಿ ಸುರಿಸುತ್ತದೆ. ಅದು ಪಟ್ಟಿ ಪಟ್ಟಿಯಾಗಿ ಬೀಳುತ್ತದೆ. ಒಂದು ಬಡಾವಣೆಯಲ್ಲಿ ಮೊಣಕಾಲುದ್ದ ಇದ್ದಾಗ ಇನ್ನೊಂದರಲ್ಲಿ ಬಿಸಿಲು ಇರಬಹುದು. ನಿನ್ನ ಮೂರು ಊರಿನಲ್ಲಿ ಜಾಸ್ತಿ ಹಿಮ ಈ ಲಂಡನ್‌ನಲ್ಲೇ.

ದೇಶದ ಉಳಿದ ಕಡೆಯದ್ದು ಸುಮ್ನೆ ತಿಳಿದಿರಲಿ ಅಂತ ಹೇಳುತ್ತೇನೆ. ಕ್ವಿಬೆಕ್ ನಗರಕ್ಕೆ 300 ಸೆಂಟಿಮೀಟರ್ ದಾಟುತ್ತದೆ. ಪೂರ್ವದ ತುದಿಯ ಸೇಂಟ್ ಜಾನ್ಸ್‌ಗೆ 335. ಅಲ್ಲಿ 2020ರ ಜನವರಿ 17ರಂದು ಒಂದೇ ದಿನ 76 ಸೆಂಟಿಮೀಟರ್ ಬಿತ್ತು, ಬಾಗಿಲು ತೆರೆದರೆ ಎದುರಿಗೆ ಹಿಮದ ಗೋಡೆ. ದಾರಿ ಬಿಡಿಸಲು ಸೈನ್ಯ ಬಂತು. ಕ್ಯಾಲ್ಗರಿಯಲ್ಲಿ ಬೆಟ್ಟ ಇಳಿದು ಬರುವ ಶಿನೂಕ್ ಅನ್ನುವ ಬಿಸಿ ಗಾಳಿ ಇದೆ, ಕೆಲವೇ ಗಂಟೆಗಳಲ್ಲಿ ಚಳಿಯನ್ನೇ ಓಡಿಸಿಬಿಡುತ್ತದೆ. ಚಳಿಗಾಲದ ನಡುವೆ ಅಂಗಿಯಲ್ಲಿ ತಿರುಗಾಡುವ ದಿನ ಬರುತ್ತದೆ.

ಈಗ ಸರ್ರೆ. ನಾವು ವಿನ್ನಿಪೆಗ್ ಬಿಟ್ಟು ಇಲ್ಲಿಗೇ ಬಂದೆವು, ಚಳಿ ಸಾಕಾಗಿ. ಪೆಸಿಫಿಕ್ ಸಾಗರ ಪಕ್ಕದಲ್ಲೇ ಇರುವುದರಿಂದ ಜನವರಿಯಲ್ಲೂ ಸರಾಸರಿ ಸೊನ್ನೆಗಿಂತ ಮೇಲೆ. ಹಿಮದ ಬದಲು ಮಳೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಮಳೆಯೇ ಮಳೆ, ಸೂರ್ಯ ಕಾಣದೆ ತಲೆ ಕೆಡುತ್ತದೆ. ಸಣ್ಣ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಮ್ಮ ಬೀದರ್ ಕಲಬುರಗಿಗಿಂತ ಒಂದಿಷ್ಟು ಎತ್ತರದಲ್ಲಿರುವುದಕ್ಕೇ ತಂಪು ಅಲ್ವಾ, ಹಾಗೇ. ಕೆಳಗೆ ರಿಚ್ಮಂಡ್‌ನಲ್ಲಿ ಮಳೆ ಬರುವಾಗ ಬರ್ನಾಬಿ ಬೆಟ್ಟದ ಮೇಲೆ ಹಿಮ ಬೀಳುತ್ತಿರುತ್ತದೆ. ಮನೆ ಹುಡುಕುವಾಗ ಗುಡ್ಡದ ಮೇಲಿನದ್ದೋ ಕೆಳಗಿನದ್ದೋ ಅಂತ ಕೇಳು.

ಆದರೆ ಆ 9 ದಿನ ಇದೆಯಲ್ಲ, ಅದರ ಬಗ್ಗೆ ಯಾವ ಏಜೆಂಟೂ ಹೇಳುವುದಿಲ್ಲ. ಹಿಮ ಅಪರೂಪಕ್ಕೆ ಬೀಳುವ ಊರು ಹಿಮಕ್ಕೆ ತಯಾರಾಗಿ ಇರುವುದಿಲ್ಲ. ಹಿಮ ಎತ್ತುವ ಗಾಡಿ ಕಡಿಮೆ. ಎಷ್ಟೋ ಜನರ ಕಾರಿಗೆ ಚಳಿಗಾಲದ ಟೈರ್ ಇರುವುದಿಲ್ಲ. ರಸ್ತೆ ಏರಿಳಿತ. ಉಷ್ಣಾಂಶ ಸೊನ್ನೆಯ ಹತ್ತಿರವೇ ಇರುವುದರಿಂದ ಹಿಮ ಒದ್ದೆ, ಭಾರ. ಹಗಲು ಅರ್ಧ ಕರಗಿ ರಾತ್ರಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಬಸ್ಸುಗಳು ಇಳಿಜಾರಿನಲ್ಲಿ ಅಡ್ಡ ತಿರುಗಿ ನಿಂತುಬಿಡುತ್ತವೆ.

ನನ್ನ ಅಪ್ಪ ತೀರಿಕೊಂಡದ್ದು ಒಂದು ಡಿಸೆಂಬರ್‌ನಲ್ಲಿ. ಅಣ್ಣ ಫೋನ್ ಮಾಡಿ, "ಅಳಬ್ಯಾಡ, ಹೊಂಟು ಬಾ. ಐಸ್ ಪೆಟ್ಟಿಗಿ ತರ್ಸೀವಿ, ನೀ ಬರೋತನಾ ಕಾಯ್ತೀವಿ" ಅಂದ. ದಿಲ್ಲಿ, ಅಲ್ಲಿಂದ ಹೈದರಾಬಾದು, ಅಲ್ಲಿಂದ ಜೇವರ್ಗಿಗೆ ಕಾರು. ಲೆಕ್ಕ ಸರಿ ಇತ್ತು. ಅಂದೇ ರಾತ್ರಿ ಇಲ್ಲಿ ಹಿಮ ಸುರಿಯಿತು. ಮೊಣಕಾಲು ಕೂಡ ಮುಳುಗುವಷ್ಟು ಇರಲಿಲ್ಲ. ವಿನ್ನಿಪೆಗ್‌ನಲ್ಲಾದರೆ ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ವಿಮಾನಗಳೆಲ್ಲಾ ನಿಂತವು. ಹಾರುವ ಮೊದಲು ರೆಕ್ಕೆಯ ಮೇಲಿನ ಹಿಮಕ್ಕೆ ಔಷಧಿ ಹೊಡೆದು ತೆಗೆಯಬೇಕು, ಅದಕ್ಕೇ ದೊಡ್ಡ ಸಾಲು. ಬೋರ್ಡಿನಲ್ಲಿ ಒಂದೊಂದೇ ರದ್ದು ಆಗುತ್ತಾ ಬಂದವು. ವಿಮಾನ ಕಂಪನಿಗೆ ಫೋನ್ ಮಾಡಿದರೆ ಬರೀ ಸಂಗೀತ. ಊರಿನಲ್ಲಿ ಅಷ್ಟೊತ್ತಿಗೆ ಬೀಗರು, ಸ್ವಾಮಿಗಳು, ಎಲ್ಲರೂ ಬಂದು ಕೂತಿದ್ದರು. ಎಷ್ಟು ಹೊತ್ತು ಕಾಯಿಸುವುದು, ನೀನೇ ಹೇಳು. "ನನ್ನ ಹಾದಿ ನೋಡಬ್ಯಾಡ್ರಿ, ಮಾಡ್ರಿ" ಅಂದೆ. ವಿಮಾನ ನಿಲ್ದಾಣದ ನೆಲದ ಮೇಲೆ ಕೂತು ಫೋನಿನಲ್ಲಿ ನೋಡಿದೆ. ಅಣ್ಣನ ಮಗ ಫೋನ್ ಹಿಡಿದಿದ್ದ, ಅವನ ಕೈ ನಡುಗಿ ಏನೂ ಸರಿಯಾಗಿ ಕಾಣಲಿಲ್ಲ.

ಈಗಲೂ ಊರಿಗೆ ಹೋದರೆ ಯಾರಾದರೂ ಒಬ್ಬರು ಕೇಳುತ್ತಾರೆ, "ಅಪ್ಪನ ಮಣ್ಣಿಗಿ ಬರ್ಲಿಲ್ಲಲ್ಲವ್ವಾ ನೀ." ಮೇ ತಿಂಗಳ ಬಿಸಿಲಲ್ಲಿ ಶಹಾಬಾದ್ ಕಲ್ಲಿನ ಕಟ್ಟೆ ಮೇಲೆ ಕೂತು ಅವರಿಗೆ ಹಿಮದ ಕತೆ ಹೇಳಿದರೆ ನಂಬುತ್ತಾರಾ? ನಾನು ಹೇಳುವುದೂ ಬಿಟ್ಟಿದ್ದೇನೆ.

ಅದಕ್ಕೇ ಕೇಳುತ್ತೇನೆ, ಬೇಜಾರಾಗಬೇಡ: ನಿನ್ನ ಅವ್ವ ಅಪ್ಪನ ಆರೋಗ್ಯ ಹೇಗಿದೆ? ಅದನ್ನು ನೀನು ಬರೆದೇ ಇಲ್ಲ. ಸರ್ರೆಗೆ ಬರುವುದಾದರೆ ಅಮೆರಿಕದ ವೀಸಾ ಒಂದು ಪಾಸ್‌ಪೋರ್ಟ್‌ನಲ್ಲಿ ಇರಲಿ. ಗಡಿ ದಾಟಿದರೆ ಸಿಯಾಟಲ್ 3 ಗಂಟೆ ದಾರಿ, ಇಲ್ಲಿ ವಿಮಾನ ನಿಂತರೆ ಅಲ್ಲಿಂದಾದರೂ ಹಾರಬಹುದು. ಟಿಕೆಟ್‌ಗೆ ಬೇಕಾಗುವಷ್ಟು ದುಡ್ಡು ಬೇರೆ ತೆಗೆದಿಡು, ಬಾಡಿಗೆ ಕಟ್ಟಲು ಆಗದಿದ್ದರೂ ಅದಕ್ಕೆ ಕೈ ಹಾಕಬೇಡ.

ಯಾವ ಊರು ಅಂತ ನನ್ನನ್ನೇ ಕೇಳಿದರೆ ವಿನ್ನಿಪೆಗ್. ಸರ್ರೆಯಲ್ಲಿ ಕೂತು ಇದನ್ನು ಹೇಳಿದರೆ ನಮ್ಮನೆಯವರು ನಗುತ್ತಾರೆ. ನಗಲಿ. ಅಲ್ಲಿ ನೆಲ ಸಪಾಟು, ಹಿಮ ಬಿದ್ದರೂ ಜನ ಕೆಲಸಕ್ಕೆ ಹೋಗುತ್ತಾರೆ, ಬಸ್ಸು ಓಡುತ್ತದೆ. ನೀನು ವಯಸ್ಸಿನ ಹುಡುಗ, ಚಳಿ ತಡೆಯುತ್ತೀಯ.

ಬಾಡಿಗೆ ಮೂರರಲ್ಲಿ ಜಾಸ್ತಿ ಸರ್ರೆಯದ್ದು. ಜೋಳದ ಹಿಟ್ಟು ಭಾರತದ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ಹಳೆಯದು, ರೊಟ್ಟಿ ತಟ್ಟಿದರೆ ಬಿರಿಯುತ್ತದೆ. ಅವ್ವನ ಕೈಲಿ ಕಟಿ ರೊಟ್ಟಿ ಮಾಡಿಸಿಕೊಂಡು ಬಾ, ಜೊತೆಗೆ ಶೇಂಗಾ ಹಿಂಡಿ. ಕಾರು ಮೊದಲ ವರ್ಷ ಬೇಡ.

ಹೈದರಾಬಾದಿನಲ್ಲಿ ದಪ್ಪ ಜಾಕೆಟ್ ಕೊಳ್ಳಬೇಡ, ವಿನ್ನಿಪೆಗ್‌ನಲ್ಲಿ ನವೆಂಬರ್‌ಗೂ ಅದು ಸಾಲುವುದಿಲ್ಲ. ಬೂಟು, ಜಾಕೆಟ್ ಎರಡೂ ಇಲ್ಲಿಗೆ ಬಂದ ಮೇಲೆ ತಗೋ. ಮತ್ತೆ ಜನವರಿ ಬ್ಯಾಚ್ ಕೊಟ್ಟರೆ ಒಪ್ಪಬೇಡ, ಸೆಪ್ಟೆಂಬರ್ ಕೇಳು. ಎರಡು ತಿಂಗಳು ಮೈ ಒಗ್ಗಲು ಸಿಕ್ಕರೆ ಚಳಿ ಅಷ್ಟು ಕಾಡುವುದಿಲ್ಲ. ಯಾವುದು ಗಟ್ಟಿಯಾಯಿತು ಅಂತ ಬರೆ, ವಿನ್ನಿಪೆಗ್ ಆದರೆ ನಮ್ಮ ಸೇಡಂ ಕಡೆಯ ಒಂದು ಮನೆಯವರು ಅಲ್ಲೇ ಇದ್ದಾರೆ, ಅವರ ನಂಬರ್ ಕೊಡುತ್ತೇನೆ.