ರಸ್ತೆ ಯಾಕೆ ಹಾಗೆ ತಿರುಗುತ್ತದೆ?

ಪ್ರಿಯ ಲೇಖಕಿಯವರೇ, ನಮಸ್ಕಾರ.

ಅಮೆರಿಕದ ಸೌತ್ ಡಕೋಟಾದಲ್ಲಿರುವ ಕಸ್ಟರ್ ಸ್ಟೇಟ್ ಪಾರ್ಕಿನ ರಸ್ತೆಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ. ಅದಕ್ಕೇ ಈ ಪತ್ರ.

ಮೊದಲ ಎರಡು ಪುಟ ತೆಗೆದುಬಿಡಿ. ‘ಪ್ರಕೃತಿಯ ಮಡಿಲು’, ‘ಸ್ವರ್ಗವೇ ಧರೆಗಿಳಿದಂತೆ’ ಅನ್ನುವ ಮಾತುಗಳು ಯಾವ ಬೆಟ್ಟಕ್ಕೆ ಬೇಕಾದರೂ ಹೊಂದುತ್ತವೆ, ಅಲ್ವಾ? ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ. ನೀಡಲ್ಸ್ ಹೈವೇ ಎಂಬ ರಸ್ತೆಯಲ್ಲಿರುವ ನೀಡಲ್ಸ್ ಐ ಸುರಂಗದ ಮುಂದೆ ಕಾರು ನಿಲ್ಲಿಸಿ, ಎರಡೂ ಕಡೆಯ ಕನ್ನಡಿ ಮಡಚಿ, ಉಸಿರು ಬಿಗಿಹಿಡಿದು ಒಳಗೆ ಹೋದಿರಲ್ಲ, ಅಲ್ಲಿ. ಸುಮಾರು 8 ಅಡಿ ಅಗಲದ ಆ ಕಲ್ಲಿನ ಕಂಡಿ ನನಗೂ ಕಣ್ಣಿಗೆ ಕಟ್ಟಿತು.

ಅಲ್ಲಿಂದ ಮುಂದೆ ಮಾತ್ರ ನೀವು ಓಡಿಬಿಟ್ಟಿದ್ದೀರಿ. ಈ ರಸ್ತೆಗಳನ್ನು ಮಾಡಿಸಿದ ಪೀಟರ್ ನಾರ್ಬೆಕ್ ಬಗ್ಗೆ ಬರೆದಿರುವುದು ‘ಗವರ್ನರ್ ಆಗಿದ್ದರು’ ಎಂಬ ಒಂದೇ ಸಾಲು. ಬಾವಿ ಕೊರೆಸುವ ಕೆಲಸದಿಂದ ಮೇಲೆ ಬಂದ ಮನುಷ್ಯ ಅವರು. ಚೂಪು ಗ್ರಾನೈಟ್ ಬಂಡೆಗಳ ನಡುವೆ ರಸ್ತೆ ಆಗದು ಎಂದವರಿದ್ದರು. ನಾರ್ಬೆಕ್ ನಡೆದುಕೊಂಡು, ಕುದುರೆ ಮೇಲೆ ಕೂತು, ದಾರಿಯನ್ನು ತಾವೇ ಗುರುತು ಮಾಡಿದರು. ಎಂಜಿನಿಯರ್ ಸ್ಕೋವೆಲ್ ಜಾನ್ಸನ್ ಡೈನಮೈಟ್ ಇಟ್ಟು ಅದನ್ನು ರಸ್ತೆ ಮಾಡಿದರು. 14 ಮೈಲಿಯ ನೀಡಲ್ಸ್ ಹೈವೇ ಮುಗಿದದ್ದು 1922ರಲ್ಲಿ. ಈ ನೋಟಕ್ಕೆ ಅರ್ಧ ನ್ಯಾಯ ಸಿಗಬೇಕಾದರೂ ಗಂಟೆಗೆ 20 ಮೈಲಿ ದಾಟಬಾರದು, ಪೂರ್ತಿ ನ್ಯಾಯ ಸಿಗಬೇಕಾದರೆ ಇಳಿದು ನಡೆಯಬೇಕು ಎನ್ನುವುದು ನಾರ್ಬೆಕ್ ಅವರ ಮಾತು. ನಿಮ್ಮ ಲೇಖನದ ಬೆನ್ನೆಲುಬು ಇದೇ. ನಮ್ಮ ಘಟ್ಟದ ರಸ್ತೆ ಸುತ್ತುವುದು ಕೆಳಗಿಳಿಯಲೇಬೇಕು ಅಂತ. ಈ ರಸ್ತೆಯನ್ನು ಸುತ್ತಿಸಿದ್ದು ಜನ ನಿಧಾನವಾಗಿ ನೋಡಲಿ ಅಂತ. ಆಗುಂಬೆಯ ಹೋಲಿಕೆ ಇಟ್ಟುಕೊಳ್ಳುವುದಾದರೆ ಈ ವ್ಯತ್ಯಾಸಕ್ಕಾಗಿ ಇಟ್ಟುಕೊಳ್ಳಿ, ಸುಮ್ನೆ ಅಲಂಕಾರಕ್ಕೆ ಬೇಡ.

ಐರನ್ ಮೌಂಟನ್ ರಸ್ತೆಯ ಭಾಗದಲ್ಲಿ 17 ಮೈಲಿ, 314 ತಿರುವು ಅಂತ ಲೆಕ್ಕ ಕೊಟ್ಟು ಮುಗಿಸಿದ್ದೀರಿ. ಅಲ್ಲಿನ ಸುರಂಗಗಳು ದೂರದ ಮೌಂಟ್ ರಶ್ಮೋರ್ ಶಿಲ್ಪಕ್ಕೆ, ಅಂದರೆ ಬೆಟ್ಟದಲ್ಲಿ ಕೆತ್ತಿದ ನಾಲ್ವರು ಅಮೆರಿಕ ಅಧ್ಯಕ್ಷರ ಮುಖಗಳಿಗೆ, ಚೌಕಟ್ಟು ಕಟ್ಟುತ್ತವೆ ಎಂದೂ ಬರೆದಿದ್ದೀರಿ. ಸರಿ. ಆದರೆ ಆ ರಸ್ತೆ ಮುಗಿದದ್ದು 1933ರಲ್ಲಿ, ಶಿಲ್ಪದ ಕೆಲಸ ನಿಂತದ್ದು 1941ರಲ್ಲಿ! ಇನ್ನೂ ಪೂರ್ತಿಯಾಗದ ಮುಖಗಳಿಗೆ ಚೌಕಟ್ಟು ಮೊದಲೇ ಸಿದ್ಧವಾಗಿತ್ತು. ಇದನ್ನು ಹೇಗೆ ಬಿಟ್ಟಿರಿ? ಅಲ್ಲಿನ ‘ಪಿಗ್‌ಟೇಲ್ ಬ್ರಿಡ್ಜ್’ಗೆ ‘ಹಂದಿಬಾಲದ ಸೇತುವೆ’ ಎಂಬ ಅನುವಾದವೂ ಬೇಡ. ರಸ್ತೆ ಸುರುಳಿ ಸುತ್ತಿ ತನ್ನ ಕೆಳಗೆ ತಾನೇ ಹಾದುಹೋಗುತ್ತದೆ, ಮೇಲಿನ ಭಾಗವನ್ನು ಮರದ ಕಂಬಗಳು ಹೊತ್ತಿವೆ ಎಂದು ಬರೆಯಿರಿ, ಸಾಕು.

ಒಂದು ವಾಕ್ಯವನ್ನಂತೂ ನಾನು ಒಪ್ಪಲಾರೆ. ‘ಯಾರೂ ಇಲ್ಲದ ಕಾಡಿನಲ್ಲಿ’ ಎಂದಿದ್ದೀರಿ. ಈ ಪಾರ್ಕ್ ಇರುವ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲು ಅಲ್ಲಿನ ಮೂಲನಿವಾಸಿಗಳಾದ ಲಕೋಟ ಜನರಿಗೆ ಪವಿತ್ರ ನೆಲ. 1868ರ ಒಪ್ಪಂದದಲ್ಲಿ ಅದು ಅವರದೇ ಎಂದು ಅಮೆರಿಕ ಸರ್ಕಾರ ಬರೆದುಕೊಟ್ಟಿತ್ತು. 1874ರಲ್ಲಿ ಕಸ್ಟರ್ ಎಂಬ ಸೇನಾಧಿಕಾರಿಯ ತಂಡ ಅಲ್ಲಿ ಚಿನ್ನ ಕಂಡಿತು. 1877ರಲ್ಲಿ ನೆಲ ಲಕೋಟರ ಕೈ ತಪ್ಪಿತು. ಪಾರ್ಕಿಗೆ ಇರುವುದು ಅದೇ ಕಸ್ಟರ್ ಹೆಸರು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪರಿಹಾರ ಕೊಡಬೇಕೆಂದಿತು. ಮೊತ್ತ 10 ಕೋಟಿ ಡಾಲರ್‌ಗೂ ಜಾಸ್ತಿ. ಲಕೋಟರು ಆ ಹಣ ಮುಟ್ಟಿಲ್ಲ. ಅವರು ಕೇಳುತ್ತಿರುವುದು ನೆಲವನ್ನು. ಇದು ಕೊನೆಯಲ್ಲಿ ಅಂಟಿಸುವ ಟಿಪ್ಪಣಿ ಆಗಬಾರದು. ಪಾರ್ಕಿನ ಹೆಸರು ಮೊದಲು ಬರುವ ಜಾಗದಲ್ಲೇ ಬರಲಿ. ಆಮೇಲೆ ನಾರ್ಬೆಕ್ ಕುದುರೆ ಏರಲಿ. ಅವರ ಮೇಲಿನ ನಿಮ್ಮ ಮೆಚ್ಚುಗೆ ಇದರಿಂದ ಕಡಿಮೆಯಾಗಬೇಕಿಲ್ಲ, ಆದರೆ ಓದುಗರಿಗೆ ಎರಡೂ ಗೊತ್ತಿರಬೇಕು.

1,200 ಪದಗಳ ಒಳಗೆ ಮತ್ತೆ ಬರೆದು ಕಳಿಸಿ. ಹೋಟೆಲ್ ಮತ್ತು ಊಟದ ವಿವರ ಬೇಡ. ಕನ್ನಡಿ ಮಡಚಿದ ಆ ಸಾಲನ್ನು ಮಾತ್ರ ಮುಟ್ಟಬೇಡಿ.

ವಿಶ್ವಾಸದಿಂದ,
ಸಂಪಾದಕ