ಒಂಬತ್ತರಲ್ಲಿ ನಿಂತ ಅಂಕಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆಯಿದೆ.)

ಬಳ್ಳಾರಿಯ ನನ್ನ ಕೊಠಡಿಗೆ ಬಂದವರು ನಲವತ್ತೈದರ ಆಸುಪಾಸಿನ ರಸಾಯನಶಾಸ್ತ್ರದ ಅಧ್ಯಾಪಕರು. ಹೇಳಿಕೊಂಡ ತೊಂದರೆ ನಿದ್ರೆಯದು. ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಕೈ ದಿಂಬಿನ ಪಕ್ಕದ ಮೊಬೈಲಿಗೆ ಹೋಗುತ್ತದೆ, ಸಂಶೋಧನಾ ಪ್ರಬಂಧಗಳ ಲೆಕ್ಕವಿಡುವ ಗೂಗಲ್ ಸ್ಕಾಲರಿನಲ್ಲಿ ತಮ್ಮ ಪುಟ ತೆರೆದು, ಆ ಪ್ರಬಂಧಗಳನ್ನು ಬೇರೆ ಪ್ರಬಂಧಗಳು ಎಷ್ಟು ಉಲ್ಲೇಖಿಸಿವೆ ಎಂಬುದರಿಂದ ಬರುವ ಎಚ್-ಇಂಡೆಕ್ಸ್ ಎಂಬ ಅಂಕಿ ನೋಡುತ್ತಾರೆ. ಅದು ನಿನ್ನೆಯಂತೆಯೇ ಒಂಬತ್ತಾಗಿರುತ್ತದೆ. ಬಳಿಕ ಸಹೋದ್ಯೋಗಿಯೊಬ್ಬರ ಪುಟ ತೆರೆಯುತ್ತಾರೆ, ಅಲ್ಲಿ ಅಂಕಿ ಏರಿರುತ್ತದೆ, ಬೆಳಗಿನವರೆಗೆ ನಿದ್ರೆಯಿಲ್ಲ. ಆ ಸಹೋದ್ಯೋಗಿಯ ಹೆಸರು ಜಗತ್ತಿನ ಮೊದಲ ಶೇಕಡಾ 2ರ ಸಾಲಿನ ವಿಜ್ಞಾನಿಗಳ ಪಟ್ಟಿಯಲ್ಲಿ ಬಂದಿತ್ತು. ಕಾಲೇಜಿನಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿಯ ಸನ್ಮಾನ ನಡೆದು, ವೃತ್ತದಲ್ಲಿ ಫ್ಲೆಕ್ಸ್ ಕೂಡ ಕಟ್ಟಿದ್ದರು.

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. "ಅಂಕಿಗಳೇ ಎಲ್ಲವೂ ಅಲ್ಲವಲ್ಲ ಸರ್" ಎಂದುಬಿಟ್ಟೆ. ಅವರು ನಕ್ಕರು, ಉಳಿದ ಅರ್ಧ ಗಂಟೆ ಹೆಚ್ಚು ಮಾತಾಡಲಿಲ್ಲ. ಆ ಮಾತು ಅವರಿಗೆ ಹೊಸದೇನೂ ಆಗಿರಲಿಲ್ಲ. ಸಂಶೋಧನಾ ವಿದ್ಯಾರ್ಥಿಗಳಿಗೆ ಅವರೇ ಅದನ್ನು ಪಾಠ ಮಾಡುತ್ತಿದ್ದರು.

ಎರಡನೆಯ ಭೇಟಿಯಲ್ಲಿ ಆ ಪಾಠವನ್ನು ನನಗೇ ಮಾಡುವಂತೆ ಕೇಳಿಕೊಂಡೆ, ಅವರು ಮೈಮರೆತು ಹೇಳಿದರು. ಎಚ್-ಇಂಡೆಕ್ಸನ್ನು 2005ರಲ್ಲಿ ಸೂಚಿಸಿದ್ದು ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ. ಒಬ್ಬರ ಪ್ರಬಂಧಗಳಲ್ಲಿ ಒಂಬತ್ತಕ್ಕೆ ಕನಿಷ್ಠ ಒಂಬತ್ತೊಂಬತ್ತು ಉಲ್ಲೇಖಗಳಿದ್ದರೆ, ಹತ್ತಕ್ಕೆ ಹತ್ತು ಹತ್ತು ಇಲ್ಲದಿದ್ದರೆ, ಇಂಡೆಕ್ಸ್ ಒಂಬತ್ತು. ಎರಡೇ ವರ್ಷದಲ್ಲಿ, 2007ರಲ್ಲಿ, ಅದನ್ನೇ ಅಳತೆಗೋಲಾಗಿಸಿ ಬದುಕಿರುವ ರಸಾಯನಶಾಸ್ತ್ರಜ್ಞರ ಪಟ್ಟಿಯೊಂದು ಪ್ರಕಟವಾಯಿತು. ಮೊದಲಿಗರು ಜಾರ್ಜ್ ವೈಟ್‌ಸೈಡ್ಸ್, ಇಂಡೆಕ್ಸ್ 135. ಅಂತರರಾಷ್ಟ್ರೀಯ ರಸಾಯನಶಾಸ್ತ್ರ ವರ್ಷವಾದ 2011ರಲ್ಲಿ ಥಾಮ್ಸನ್ ರಾಯ್ಟರ್ಸ್ ಪ್ರಕಟಿಸಿದ ನೂರು ಜನರ ಪಟ್ಟಿಯ ಲೆಕ್ಕವೇ ಬೇರೆ: ಕನಿಷ್ಠ 50 ಪ್ರಬಂಧ ಬರೆದವರಲ್ಲಿ ಪ್ರಬಂಧವೊಂದಕ್ಕೆ ಸರಾಸರಿ ಎಷ್ಟು ಉಲ್ಲೇಖ ಎಂಬುದು. ಅಲ್ಲಿ ಮೊದಲಿಗರು ನ್ಯಾನೊ ವಸ್ತುಗಳ ಚಾರ್ಲ್ಸ್ ಲೀಬರ್. ಅಳತೆಗೋಲು ಬದಲಾದರೆ ಮೊದಲಿಗರೂ ಬದಲಾಗುತ್ತಾರೆ. ಪ್ರೋಟೀನ್ ಅಳೆಯುವ ಲೌರಿಯ 1951ರ ಪ್ರಬಂಧಕ್ಕೆ ಮೂರು ಲಕ್ಷಕ್ಕೂ ಮೀರಿ ಉಲ್ಲೇಖಗಳಿರುವುದು ಅದೊಂದು ಎಲ್ಲರೂ ಬಳಸುವ ವಿಧಾನವಾದ್ದರಿಂದ. ದೊಡ್ಡ ಗೌರವಕ್ಕೆ ದೊಡ್ಡ ಪದವಿಯೇ ಬೇಕೆಂದೂ ಇಲ್ಲ: 2002ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಕೊಯಿಚಿ ತನಾಕ ಡಾಕ್ಟರೇಟ್ ಇಲ್ಲದ ಕಂಪನಿ ಎಂಜಿನಿಯರು. ಶೇಕಡಾ 2ರ ಪಟ್ಟಿಯ ಬಗ್ಗೆಯೂ ಅವರು ನ್ಯಾಯವಾಗಿಯೇ ಮಾತಾಡಿದರು. ಸ್ಟ್ಯಾನ್‌ಫರ್ಡಿನ ಇಯೊಆನಿಡಿಸ್ ತಂಡ ಆರು ಸೂಚಕಗಳನ್ನು ಕೂಡಿಸಿ ಅದನ್ನು ಮಾಡುತ್ತದೆ, ತಮ್ಮನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಕಳೆದ ಲೆಕ್ಕವನ್ನೂ ಕೊಡುತ್ತದೆ, ಇಡೀ ವೃತ್ತಿಜೀವನದ್ದೊಂದು ಮತ್ತು ಒಂದೇ ವರ್ಷದ್ದೊಂದು ಎಂದು ಎರಡು ಪಟ್ಟಿ ಇರುತ್ತವೆ. ಸಹೋದ್ಯೋಗಿಯ ಹೆಸರಿದ್ದದ್ದು ಎರಡನೆಯದರಲ್ಲಿ. ಫ್ಲೆಕ್ಸಿನಲ್ಲಿ ಅದನ್ನು ಬರೆದಿರಲಿಲ್ಲ.

ಇಷ್ಟೆಲ್ಲ ತಿಳಿದವರು ರಾತ್ರಿ ಎರಡಕ್ಕೆ ಏಕೆ ಏಳುತ್ತಾರೆ? ತಿಳಿವಳಿಕೆ ಕೊಡುವುದು ನನ್ನ ಕೆಲಸವಲ್ಲವೆಂದು ಅಲ್ಲಿಗೆ ನನಗೆ ಖಚಿತವಾಯಿತು. ಒಂದು ಹಾಳೆ ಕೊಟ್ಟು, ತಮ್ಮ ಪ್ರಬಂಧಗಳನ್ನು ಉಲ್ಲೇಖಗಳ ಇಳಿಕೆಯ ಕ್ರಮದಲ್ಲಿ ಕೈಯಿಂದ ಬರೆಯಲು ಹೇಳಿದೆ. ಫೋನ್ ನೋಡದೆಯೇ ಬರೆದರು, ಎಲ್ಲವೂ ಬಾಯಿಪಾಠ. ಒಂಬತ್ತನೆಯದಕ್ಕೆ 11, ಹತ್ತನೆಯದಕ್ಕೆ 9. ಹತ್ತನೆಯದರ ಮೇಲೆ ಪೆನ್ನು ನಿಂತಿತು. ಇನ್ನೊಂದೇ ಒಂದು ಉಲ್ಲೇಖ ಬಂದರೆ ಇಂಡೆಕ್ಸ್ ಹತ್ತಾಗುತ್ತದೆ. ವಾಟ್ಸಾಪಿನಲ್ಲಿ ಉಲ್ಲೇಖ ಮಾರುವ ದಲ್ಲಾಳಿಯೊಬ್ಬನ ಸಂದೇಶ ಬಂದಿದೆಯೆಂದೂ, ಅದನ್ನು ಅಳಿಸಿಲ್ಲವೆಂದೂ ಆಗ ಹೇಳಿದರು. ನಾನೇನೂ ಹೇಳದೆ ಪಟ್ಟಿ ಮುಂದುವರಿಸಲು ಕೇಳಿದೆ. ಹದಿನೇಳನೆಯ ಸಾಲಿನಲ್ಲಿ, ಮೂರು ಉಲ್ಲೇಖಗಳೊಂದಿಗೆ, ಕೊಪ್ಪಳ ಜಿಲ್ಲೆಯ ಬೋರ್‌ವೆಲ್‌ಗಳ ಫ್ಲೋರೈಡ್ ಕುರಿತ ಪ್ರಬಂಧವಿತ್ತು. ಲೀಟರಿಗೆ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಅದನ್ನು ಮೀರಿದ ಒಂದು ಬೋರ್‌ವೆಲ್‌ಗೆ ಇವರ ವರದಿಯ ಮೇಲೆ ಪಂಚಾಯಿತಿಯವರು "ಕುಡಿಯಲು ಯೋಗ್ಯವಲ್ಲ" ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದರು. ಅದನ್ನು ಅವರು ನಾನು ಕೇಳಿದ ಮೇಲೆ ಹೇಳಿದ್ದು, ಅದೂ ಒಂದೇ ವಾಕ್ಯದಲ್ಲಿ.

"ಈ ಒಂಬತ್ತನ್ನು ನೋಡಿ ಯಾರು ನಿಮ್ಮನ್ನು ಏನು ಕೇಳುತ್ತಿದ್ದಾರೆ?" ಎಂದೆ. ಬಹಳ ಹೊತ್ತು ಸುಮ್ಮನಿದ್ದರು. ಸಿರುಗುಪ್ಪ ತಾಲೂಕಿನ ಹಳ್ಳಿಯಲ್ಲಿರುವ ನಿವೃತ್ತ ಶಿಕ್ಷಕರಾದ ತಂದೆ ಕಣ್ಣು ತೋರಿಸಿಕೊಳ್ಳಲು ಬಳ್ಳಾರಿಗೆ ಬಂದಿದ್ದಾಗ ಆ ಫ್ಲೆಕ್ಸ್ ನೋಡಿ, "ಇದರಾಗ ನಿನ್ನ ಹೆಸರು ಯಾಕ ಬಂದಿಲ್ಲೋ?" ಎಂದಿದ್ದರಂತೆ. ಇವರು ಉತ್ತರಿಸಿರಲಿಲ್ಲ. ಆ ಉತ್ತರವನ್ನು ಗೂಗಲ್ ಸ್ಕಾಲರ್ ಕೊಡಲೆಂದು ಐದು ತಿಂಗಳಿಂದ ಕಾಯುತ್ತಿದ್ದರು.

ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ, ಇಲ್ಲವೆಂದರು. ತಿಂಗಳಲ್ಲಿ ನಿದ್ರೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದೂ, ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದೆಂದೂ ತಿಳಿಸಿದೆ.

ಕೊಟ್ಟ ಸಲಹೆ ಹೆಚ್ಚೇನಿರಲಿಲ್ಲ. ಮೊಬೈಲು ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗಿರಲಿ. ಸ್ಕಾಲರ್ ಪುಟವನ್ನು ವಾರಕ್ಕೊಮ್ಮೆ, ಶನಿವಾರ, ಕಾಲೇಜಿನ ಕಂಪ್ಯೂಟರಿನಲ್ಲಿ ಮಾತ್ರ ನೋಡಲಿ. ಪೂರ್ತಿ ಬಿಡಿ ಎನ್ನಲಿಲ್ಲ, ಏಕೆಂದರೆ ಬಡ್ತಿಯ ವಿಷಯದಲ್ಲಿ ಅಂಕಿಗಳು ಸುಳ್ಳಲ್ಲ: ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಲ್ಲಿ ಪ್ರಬಂಧದ ಅಂಕ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರಿನೊಂದಿಗೆ, ಅಂದರೆ ಆ ಪತ್ರಿಕೆಯ ಪ್ರಬಂಧಗಳಿಗೆ ಸಿಗುವ ಸರಾಸರಿ ಉಲ್ಲೇಖಗಳೊಂದಿಗೆ, ಏರುತ್ತದೆ. ಆ ಲೆಕ್ಕವನ್ನು ಬಡ್ತಿಯ ಕಡತಕ್ಕೆ ಬೇಕಾದಷ್ಟೇ, ತೆರಿಗೆ ಲೆಕ್ಕದಂತೆ, ಒಂದು ಭಾನುವಾರ ಕೂತು ಮುಗಿಸಿಬಿಡಿ ಎಂದೆ. ದಲ್ಲಾಳಿಯ ವಿಷಯದಲ್ಲಿ ನೀತಿಬೋಧೆಗೆ ಹೋಗದೆ, "ಕೊಂಡ ಉಲ್ಲೇಖದಿಂದ ಹತ್ತಾದರೆ ಎರಡು ಗಂಟೆಗೆ ಎದ್ದು ಏನು ನೋಡುತ್ತೀರಿ?" ಎಂದಷ್ಟೇ ಕೇಳಿದೆ. "ಸಿಕ್ಕಿಬಿದ್ದೆನೇ ಎಂದು" ಎಂದವರು ನನ್ನೆದುರಿಗೇ ಸಂದೇಶ ಅಳಿಸಿದರು. ಕೊನೆಯದಾಗಿ, ತಂದೆಯ ಪ್ರಶ್ನೆಗೆ ತಂದೆಯೆದುರೇ ಉತ್ತರಿಸಲು ಹೇಳಿದೆ, ಆಗುವುದಾದರೆ ಆ ಬೋರ್‌ವೆಲ್ ಬಳಿಯೇ.

ಆರು ವಾರಗಳ ನಂತರ ಬಂದಾಗ ನಿದ್ರೆ ಬೆಳಗಿನ ನಾಲ್ಕು ಗಂಟೆಯವರೆಗೆ ಬರುತ್ತಿತ್ತು. ಒಂದೆರಡು ಬುಧವಾರ ಕದ್ದು ನೋಡಿದ್ದಾಗಿ ಒಪ್ಪಿಕೊಂಡರು. ಇಂಡೆಕ್ಸ್ ಇನ್ನೂ ಒಂಬತ್ತೇ. ತಂದೆಯನ್ನು ಕರೆದುಕೊಂಡು ಆ ಊರಿಗೆ ಹೋಗಿದ್ದರು. ಬೋರ್‌ವೆಲ್ ಮೇಲಿನ ಕೆಂಪು ಅಕ್ಷರಗಳು ಬಿಸಿಲಿಗೆ ಮಾಸಿ "ಯೋಗ್ಯವಲ್ಲ" ಎಂಬಲ್ಲಿ "ಯೋಗ್ಯ" ಮಾತ್ರ ಉಳಿದಿತ್ತಂತೆ. ತಂದೆ ಕನ್ನಡಕ ಸರಿಮಾಡಿಕೊಂಡು ಓದಿ, ಪಂಚಾಯಿತಿ ಕಚೇರಿ ಯಾವ ಕಡೆಗಿದೆ ಎಂದು ಕೇಳಿದರಂತೆ. "ಈಗ ಮಳೆಗಾಲದ ನಂತರದ ನೀರಿನ ಮಾದರಿ ಸಂಗ್ರಹಿಸಲು ಇಬ್ಬರು ವಿದ್ಯಾರ್ಥಿಗಳನ್ನು ಹೊಂದಿಸುತ್ತಿದ್ದೇನೆ, ಮುಂದಿನ ಭೇಟಿಯನ್ನು ಒಂದು ವಾರ ಮುಂದೂಡಬಹುದೇ?" ಎಂದು ಅಧ್ಯಾಪಕರು ವಿಚಾರಿಸಿದರು.